ಕೆಮ್ಮಿ ಸತ್ತ ಸಾಕ್ಷಿ: ಕಥೇಲಿ, ಗೇಮಲ್ಲಿ ಟ್ರೋಪ್ ಹಿಡಿಯೋದು ಹೇಗೆ, ಹೆಸರಿಡೋದು ಹೇಗೆ

ಮಳೆ ಸುರೀತಾ ಇದೆ, ಮಂಚದ ಮೇಲೆ ಒಬ್ಬ ಮುದುಕ, ಹೀರೋ ಓಡ್ಬಂದು ಅವನ ಕೈ ಹಿಡ್ಕೋತಾನೆ. "ನಿಮ್ಮಪ್ಪನ್ನ ಕೊಂದೋನು ಬೇರೆ ಯಾರೂ ಅಲ್ಲ ಕಣಪ್ಪಾ, ಅವನು... ಅವನು..." ಕೆಮ್ಮು. ಇನ್ನೊಂದು ಕೆಮ್ಮು. ಕತ್ತು ವಾಲಿತು, ಮುಗೀತು.

ಇಂಥ ಸೀನ್ ಬಂದ ತಕ್ಷಣ "ನೋಡ್ತಿರು, ಹೆಸ್ರು ಹೇಳಲ್ಲ ಇವ್ನು" ಅಂತ ನಮ್ಮ ಬಾಯಿಂದ ತಾನಾಗೇ ಬರುತ್ತಲ್ಲ, ಅಲ್ಲಿಗೆ ನೀವೊಂದು ಟ್ರೋಪ್ ಹಿಡಿದಾಯ್ತು. ಉಳಿದಿರೋದು ಅದು ಏನು ಕೆಲಸ ಮಾಡ್ತಿದೆ ಅಂತ ಕಂಡ್ಹಿಡಿದು ಒಂದು ಒಳ್ಳೆ ಹೆಸರು ಕೊಡೋದು, ಅಷ್ಟೇ. ಆ "ಅಷ್ಟೇ"ನಲ್ಲೇ ಎಲ್ರೂ ಎಡವೋದು, ನಾನೂ ಎಡವಿದೀನಿ.

ಟ್ರೋಪ್ ಅಂದ್ರೆ ಕಥೆ ಹೇಳೋರು ಒಂದು ಕೆಲಸ ಆಗ್ಲಿ ಅಂತ ಮತ್ತೆ ಮತ್ತೆ ಕೈಗೆತ್ಕೊಳ್ಳೋ ಹತ್ಯಾರು, ಕೇಳೋರೂ ಅದನ್ನ ಗುರುತು ಹಿಡೀತಾರೆ. ಇದೇನು ಇಂಟರ್ನೆಟ್ ಕಾಲದ ಹುಚ್ಚಲ್ಲ ಮತ್ತೆ. ನಮ್ಮಲ್ಲಿ ಇದರ ಹತ್ತಿರದ ನೆಂಟನಿಗೆ ಹಳೇ ಹೆಸರೇ ಇದೆ, ಕವಿಸಮಯ ಅಂತ. ಚಕೋರ ಬೆಳದಿಂಗಳು ಕುಡ್ಕೊಂಡೇ ಬದುಕುತ್ತೆ, ಹಂಸ ಹಾಲು ನೀರು ಬೇರೆ ಮಾಡುತ್ತೆ, ಕೀರ್ತಿ ಬೆಳ್ಳಗಿರುತ್ತೆ. ಯಾವುದೂ ನಿಜ ಅಲ್ಲ ಅಂತ ಕವಿಗೂ ಗೊತ್ತು ಓದೋನಿಗೂ ಗೊತ್ತು, ಆದ್ರೂ ಇಬ್ರೂ ಒಪ್ಕೊಂಡಿದಾರೆ. ಸಾವಿರ ವರ್ಷಕ್ಕೂ ಹಿಂದೆ ರಾಜಶೇಖರ ಅನ್ನೋನು ಕಾವ್ಯಮೀಮಾಂಸೆ ಅನ್ನೋ ಸಂಸ್ಕೃತ ಪುಸ್ತಕದಲ್ಲಿ ಇವನ್ನೆಲ್ಲ ಕೂತು ವಿಂಗಡಿಸಿದ. ಜಾನಪದದೋರು ಮೋಟಿಫ್‌ಗೆ, ಅಂದ್ರೆ ಕಥೆಯಿಂದ ಕಥೆಗೆ ಮತ್ತೆ ಮತ್ತೆ ಬರೋ ತುಂಡಿಗೆ, "ಆಶಯ" ಅಂತಾರೆ. ನಾನು ಟ್ರೋಪ್ ಅಂತಾನೇ ಬರೀತೀನಿ, ಗೇಮ್ ಆಡೋರ ಬಾಯಲ್ಲಿ ಇರೋದು ಅದೇ ಪದ.

ಮೊದಲು ಹಿಡಿಯೋದು. ಇದಕ್ಕೆ ಒಂದು ನೋಟ್‌ಬುಕ್ಕೋ ಫೋನಲ್ಲಿ ಒಂದು ನೋಟೋ ಸಾಕು. ಮೂರು ಥರದ ಕ್ಷಣಗಳನ್ನ ಬರ್ಕೊಳ್ಳಿ: ಮುಂದೇನಾಗುತ್ತೆ ಅಂತ ನಿಮಗೆ ಮೊದಲೇ ಗೊತ್ತಾದಾಗ, "ಇದನ್ನ ಎಲ್ಲೋ ನೋಡಿದೀನಲ್ಲ" ಅನ್ನಿಸಿದಾಗ, ಮತ್ತೆ "ಅಯ್ಯೋ ಇವ್ನಿಗೆ ಇಷ್ಟೂ ಗೊತ್ತಾಗಲ್ವಾ" ಅಂತ ಪಾತ್ರದ ಮೇಲೆ ಸಿಟ್ಟು ಬಂದಾಗ. ಮೂರನೇದು ಚಿನ್ನದ ಗಣಿ. ಪಾತ್ರ ತನ್ನ ಬುದ್ಧಿಗೆ ತಕ್ಕಂಗೆ ನಡ್ಕೋದೆ ಕಥೆಗೆ ಬೇಕಾದಂಗೆ ನಡ್ಕೋತಿದೆ ಅಂದ್ರೆ ಅಲ್ಲಿ ಯಾವುದೋ ಟ್ರೋಪ್ ಕೈ ಆಡಿಸ್ತಿದೆ ಅಂತ ಅರ್ಥ. ಬರ್ಕೊಳ್ಳುವಾಗ ಅಭಿಪ್ರಾಯ ಬರೀಬೇಡಿ, ನಡೆದಿದ್ದು ಬರೀರಿ. "ಬೋರಿಂಗ್ ಸೀನ್" ಅಂತ ಬರ್ಕೊಂಡ್ರೆ ವಾರ ಬಿಟ್ಟು ಓದಿದಾಗ ಏನೂ ನೆನಪಾಗಲ್ಲ, "ಗುಟ್ಟು ಗೊತ್ತಿರೋ ಒಬ್ಬನೇ ಮನುಷ್ಯ ಗುಟ್ಟು ಅರ್ಧ ಹೇಳಿ ಸತ್ತ" ಅಂತ ಬರ್ಕೊಂಡ್ರೆ ಅರ್ಧ ಕೆಲಸ ಆಗೋಯ್ತು.

ಆಮೇಲೆ ಸಿಪ್ಪೆ ಸುಲಿಯೋದು. ಹೆಸರು, ಊರು, ಬಟ್ಟೆ, ಕಾಲ ಎಲ್ಲ ತೆಗೆದುಹಾಕಿ ಉಳಿಯೋದೇನು ನೋಡ್ಬೇಕು. ಇದನ್ನ ಚೆನ್ನಾಗಿ ಮಾಡಿ ತೋರಿಸಿದೋನು ವ್ಲಾದಿಮಿರ್ ಪ್ರಾಪ್ ಅನ್ನೋ ಜಾನಪದ ವಿದ್ವಾಂಸ, 1928ರಲ್ಲಿ, ರಷ್ಯಾದ ಸುಮಾರು ನೂರು ಮಾಂತ್ರಿಕ ಕಥೆಗಳನ್ನ ಇಟ್ಕೊಂಡು. ಅವನು ಕೊಡೋ ಉದಾಹರಣೆ ಹಿಂಗಿದೆ: ಒಂದು ಕಥೇಲಿ ರಾಜ ಹೀರೋಗೆ ಹದ್ದು ಕೊಡ್ತಾನೆ, ಹದ್ದು ಅವನನ್ನ ಬೇರೆ ರಾಜ್ಯಕ್ಕೆ ಹೊತ್ಕೊಂಡು ಹೋಗುತ್ತೆ. ಇನ್ನೊಂದ್ರಲ್ಲಿ ಮುದುಕ ಕುದುರೆ ಕೊಡ್ತಾನೆ, ಮತ್ತೊಂದ್ರಲ್ಲಿ ಮಾಂತ್ರಿಕ ದೋಣಿ ಕೊಡ್ತಾನೆ, ಮಗದೊಂದ್ರಲ್ಲಿ ರಾಜಕುಮಾರಿ ಉಂಗುರ ಕೊಡ್ತಾಳೆ, ಉಂಗುರದಿಂದ ಹುಡುಗ್ರು ಎದ್ದು ಬಂದು ಹೊತ್ಕೊಂಡು ಹೋಗ್ತಾರೆ. ಕೊಟ್ಟೋರು ಬೇರೆ, ಕೊಟ್ಟಿದ್ದು ಬೇರೆ, ಆದ್ರೆ ಆಗಿದ್ದು ಒಂದೇ. ಇಂಥ "ಆಗೋದು"ಗಳು ಒಟ್ಟು 31 ಅಂತ ಅವನು ಲೆಕ್ಕ ಹಾಕಿದ. 31ನ್ನ ಬಾಯಿಪಾಠ ಮಾಡೋದೇನೂ ಬೇಡ, ಯಾರು ಮಾಡಿದ್ರು ಅನ್ನೋದನ್ನ ಪಕ್ಕಕ್ಕಿಟ್ಟು ಏನಾಯ್ತು ಅಂತ ನೋಡೋ ಅಭ್ಯಾಸ ಬಂದ್ರೆ ಸಾಕು.

ಇಲ್ಲೊಂದು ಹಳ್ಳ ಇದೆ, ಹುಷಾರು. ಸಿಪ್ಪೆ ಸುಲಿಯೋ ಹುಮ್ಮಸ್ಸಲ್ಲಿ ತಿರುಳನ್ನೂ ಬಿಸಾಕ್ಬಿಡ್ತೀವಿ. "ಹೀರೋ ಕಷ್ಟಪಟ್ಟು ಗೆಲ್ತಾನೆ" ಅನ್ನೋದು ಟ್ರೋಪ್ ಅಲ್ಲ, ಅದು ಅರ್ಧ ಪ್ರಪಂಚದ ಕಥೆ.

ಈಗ ನನ್ನ ಪ್ರಕಾರ ಇಡೀ ಕೆಲಸದ ಜೀವಾಳ: ಆ ತುಂಡನ್ನ ಕಥೆಯಿಂದ ಕಿತ್ತು ಹಾಕಿ, ಏನು ಕುಸಿಯುತ್ತೆ ನೋಡಿ. ಕುಸಿಯೋದು ಯಾವುದೋ ಅದೇ ಟ್ರೋಪಿನ ಕೆಲಸ. ಇದಕ್ಕೆ ರೆಡಿಮೇಡ್ ಉದಾಹರಣೆ ನಮ್ಮತ್ರಾನೇ ಇದೆ, ಶಕುಂತಲೆಯ ಉಂಗುರ. ಕಾಳಿದಾಸನ ನಾಟಕದಲ್ಲಿ ದೂರ್ವಾಸರ ಶಾಪ ಇದೆ, ಉಂಗುರ ನೀರಲ್ಲಿ ಬೀಳುತ್ತೆ, ಮೀನಿನ ಹೊಟ್ಟೇಲಿ ಸಿಗುತ್ತೆ, ಆಗ ರಾಜನಿಗೆ ಎಲ್ಲ ನೆನಪಾಗುತ್ತೆ. ಆದ್ರೆ ಮಹಾಭಾರತದಲ್ಲಿ ಇದೇ ಕಥೆ ಬಂದಾಗ ಅಲ್ಲಿ ಶಾಪಾನೂ ಇಲ್ಲ, ಉಂಗುರಾನೂ ಇಲ್ಲ. ಅಲ್ಲಿ ದುಷ್ಯಂತನಿಗೆ ಎಲ್ಲ ನೆನಪಿದೆ, ನೆನಪಿದ್ದೂ ತುಂಬಿದ ಸಭೇಲಿ ನೀನ್ಯಾರೋ ಗೊತ್ತಿಲ್ಲ ಅಂತಾನೆ, ಆಮೇಲೆ ಅಶರೀರವಾಣಿ ಆದ್ಮೇಲೆ ಒಪ್ಕೋತಾನೆ. ಅಂದ್ರೆ ಉಂಗುರ ತೆಗೆದ್ರೆ ಏನು ಕುಸೀತು? ರಾಜನ ಒಳ್ಳೇತನ ಕುಸೀತು. ಮರೆವು ಅನ್ನೋ ಟ್ರೋಪ್ ಅಲ್ಲಿ ಮಾಡ್ತಿರೋ ಕೆಲಸ ಹೀರೋನ ತಪ್ಪನ್ನ ಅವನ ಹೆಗಲಿಂದ ಇಳಿಸೋದು. ಇವತ್ತಿನ ಸೀರಿಯಲ್‌ನಲ್ಲಿ ಗಂಡನಿಗೆ ಆಕ್ಸಿಡೆಂಟಾಗಿ ಹೆಂಡತಿ ಮರೆತುಹೋದ್ರೆ ಅಲ್ಲೂ ಇದೇ ಕೆಲಸ ನಡೀತಿದೆಯಾ ಅಂತ ಕೇಳಿ ನೋಡಿ, ಬಹಳ ಸಲ ಹೌದು.

ಈಗ ಮಜಾ ನೋಡಿ. ಮೀನಿನ ಹೊಟ್ಟೇಲಿ ಉಂಗುರ ಸಿಗೋದು ಗ್ರೀಕರಲ್ಲೂ ಇದೆ. ಸೇಮೋಸ್ ದ್ವೀಪದ ದೊರೆ ಪಾಲಿಕ್ರಟೀಸ್, ಅದೃಷ್ಟ ಅತಿ ಆಯ್ತು, ಏನಾದ್ರೂ ಕಳ್ಕೊಂಡ್ರೆ ಒಳ್ಳೇದು ಅಂತ ಉಂಗುರಾನ ಬೇಕಂತಲೇ ಸಮುದ್ರಕ್ಕೆ ಎಸೀತಾನೆ, ಮೀನುಗಾರ ತಂದುಕೊಟ್ಟ ಮೀನಲ್ಲಿ ಅದು ವಾಪಸ್ ಬರುತ್ತೆ. ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿಟ್ಟಿದಾನೆ. ಜಾನಪದ ವಿದ್ವಾಂಸ ಸ್ಟಿತ್ ಥಾಂಪ್ಸನ್ ಆಶಯಗಳಿಗೆಲ್ಲ ನಂಬರ್ ಕೊಟ್ಟು ಮಾಡಿದ ದೊಡ್ಡ ಸೂಚಿಯಲ್ಲಿ ಕಳೆದ ಉಂಗುರ ಮೀನಲ್ಲಿ ಸಿಗೋದಕ್ಕೆ ಎನ್ 211.1 ಅಂತ ನಂಬರ್ ಇದೆ, ಎನ್ ಅಂದ್ರೆ ಅದೃಷ್ಟ, ವಿಧಿಯ ವಿಭಾಗ. ಹೊರಗಿಂದ ನೋಡಿದ್ರೆ ಎರಡೂ ಕಥೆಗೂ ಅದೇ ನಂಬರ್ರು. ಆದ್ರೆ ಕೆಲಸ? ಶಕುಂತಲೆ ಕಥೇಲಿ ಉಂಗುರ ಬಂದಿದ್ದು ಶುಭ, ಪಾಲಿಕ್ರಟೀಸ್ ಕಥೇಲಿ ಬಂದಿದ್ದು ಅಪಶಕುನ, ನಿನ್ನ ವಿಧಿನ ನೀನು ಎಸೆಯೋಕಾಗಲ್ಲ ಅಂತ ಹೇಳೋಕೆ ಬಂದಿದ್ದು. ಕಾಣೋದನ್ನ ನೋಡಿ ವಿಂಗಡಿಸಿದ್ರೆ ಎರಡೂ ಒಂದೇ ಡಬ್ಬಿಗೆ, ಕೆಲಸ ನೋಡಿ ವಿಂಗಡಿಸಿದ್ರೆ ಬೇರೆ ಬೇರೆ ಡಬ್ಬಿಗೆ. ಸೂಚಿ ಮಾಡೋರಿಗೆ ಮೊದಲನೇದು ಬೇಕು, ಕಥೆ ಅರ್ಥ ಮಾಡ್ಕೊಳ್ಳೋರಿಗೆ, ಬರೆಯೋರಿಗೆ ಎರಡನೇದು.

ಇದನ್ನ ನಾನು ಕಲಿತಿದ್ದು ಪೆಟ್ಟು ತಿಂದು. ನನ್ನ ನೋಟ್‌ಬುಕ್ಕಲ್ಲಿ "ಗುರು ಸಾಯ್ತಾನೆ" ಅಂತ ಒಂದು ಪುಟ ಇತ್ತು, ಎಲ್ಲಿ ಗುರು ಸತ್ರೂ ತಂದು ಅಲ್ಲಿ ಸೇರಿಸ್ತಿದ್ದೆ, ಪುಟ ತುಂಬಿ ಇನ್ನೊಂದು ಪುಟಕ್ಕೆ ಹೋಯ್ತು, ನನಗೋ ಏನೋ ದೊಡ್ಡದು ಸಾಧಿಸಿದ ಖುಷಿ. ಒಂದಿನ ನಮ್ಮ ಚಿಕ್ಕಮ್ಮನ ಮಗಳು ಅದನ್ನ ಓದಿ "ಅಣ್ಣಾ, ಇವ್ರೆಲ್ಲ ಒಂದೇ ಕಾರಣಕ್ಕೆ ಸತ್ತಿಲ್ವಲ್ಲೋ" ಅಂದ್ಲು. ಕೂತು ನೋಡಿದ್ರೆ ಹೌದು, ಅದರಲ್ಲಿ ಮೂರು ಬೇರೆ ಬೇರೆ ಟ್ರೋಪ್ ಮಲಗಿದ್ವು. ಒಂದರಲ್ಲಿ ಗುರು ಸಾಯೋದು ಶಿಷ್ಯನಿಗೆ ಸೇಡಿನ ಕಾರಣ ಬೇಕು ಅಂತ. ಇನ್ನೊಂದರಲ್ಲಿ ಗುರು ಸಾಯೋದು ಅವನು ಬದುಕಿದ್ರೆ ಕಥೆ ಅಲ್ಲಿಗೇ ಮುಗಿಯುತ್ತೆ ಅಂತ, ಅಷ್ಟು ಶಕ್ತಿವಂತ ಇರುವಾಗ ಈ ಹುಡುಗನಿಗೇನು ಕೆಲಸ? ಮೂರನೇದ್ರಲ್ಲಿ ಗುರು ಅಳತೆಗೆ ಮಾತ್ರ. ಅವನೆಷ್ಟು ಗಟ್ಟಿ ಅಂತ ಮೊದಲು ತೋರಿಸಿ ಆಮೇಲೆ ವಿಲನ್ ಕೈಲಿ ಒಂದೇ ಏಟಿಗೆ ಹೊಡೆಸ್ತಾರೆ, ಆಗ ವಿಲನ್ ಎಷ್ಟು ಭಾರ ಅಂತ ನಮಗೆ ಗೊತ್ತಾಗುತ್ತೆ. ಈ ಮೂರನೇದಕ್ಕೆ ನಾನಿಟ್ಟ ಹೆಸರು "ತೂಕದ ಕಲ್ಲು". ಹೆಸರು ಇಟ್ಟ ಮೇಲೆ ಗೊತ್ತಾಯ್ತು, ಇದಕ್ಕೆ ಗುರುನೇ ಆಗ್ಬೇಕು ಅಂತಿಲ್ಲ, ಸಾಯಲೇಬೇಕು ಅಂತಾನೂ ಇಲ್ಲ, ತಂಡದಲ್ಲಿರೋ ಪೈಲ್ವಾನ ಪ್ರತಿ ಸಲ ಮೊದಲು ಒದೆ ತಿಂದು ಬೀಳ್ತಾನಲ್ಲ, ಅವನೂ ತೂಕದ ಕಲ್ಲೇ.

ಅದಕ್ಕೇ ಒಂದು ನಿಯಮ ಇಟ್ಕೊಂಡಿದೀನಿ, ಒಂದಕ್ಕೊಂದು ಸಂಬಂಧ ಇಲ್ಲದ ಮೂರು ಕಡೆ ಅದೇ ಕೆಲಸ ಮಾಡೋದನ್ನ ನೋಡೋವರೆಗೂ ಹೆಸರಿಡಲ್ಲ. ಒಂದೇ ಸರಣಿಯ ಮೂರು ಭಾಗ ಲೆಕ್ಕಕ್ಕಿಲ್ಲ, ಅದು ಆ ಬರಹಗಾರನ ಚಟ ಇರಬಹುದು.

ಟ್ರೋಪ್ ಅಂತ ಅನ್ನಿಸಿ ಟ್ರೋಪ್ ಅಲ್ಲದೇ ಇರೋದೂ ಇದೆ. ಹಳೇ ಮಹಾಕಾವ್ಯ ಬರೆಯೋರು ಅಷ್ಟಾದಶ ವರ್ಣನೆ ಅಂತ 18 ವರ್ಣನೆ ಹಾಕ್ತಿದ್ರು, ಸಮುದ್ರ, ಬೆಟ್ಟ, ನಗರ, ಚಂದ್ರೋದಯ, ಹಿಂಗೆ. ಅದು ಆ ಪ್ರಕಾರದ ಕರಾರು, ಇಲ್ಲಾಂದ್ರೆ ಮಹಾಕಾವ್ಯ ಅಂತ ಒಪ್ತಿರಲಿಲ್ಲ. ಪತ್ತೇದಾರಿ ಕಥೇಲಿ ಕೊಲೆ ಇರೋದು, ರೇಸಿಂಗ್ ಗೇಮಲ್ಲಿ ಕಾರ್ ಇರೋದು ಅದೇ ಥರ. ಇನ್ನು ಸವಕಲು ಅನ್ನೋದು ಟ್ರೋಪಿನ ಜಾತಿ ಅಲ್ಲ, ಅದರ ವಯಸ್ಸು. ಬೇಜಾರಾಗೋವಷ್ಟು ಬಳಸಿದ್ರೆ ಯಾವ ಟ್ರೋಪ್ ಬೇಕಾದ್ರೂ ಸವೆಯುತ್ತೆ, ಒಳ್ಳೆ ಕೈಗೆ ಸಿಕ್ರೆ ಮತ್ತೆ ಹೊಳೆಯುತ್ತೆ.

ಗೇಮ್ ವಿಷಯಕ್ಕೆ ಬರೋಣ, ಇಲ್ಲಿ ಸ್ವಲ್ಪ ಬೇರೆ ಥರ ಯೋಚಿಸ್ಬೇಕು. ಸಿನಿಮಾದಲ್ಲಿ ಟ್ರೋಪ್ ಕಥೆಗೆ ಕೆಲಸ ಮಾಡುತ್ತೆ, ಗೇಮಲ್ಲಿ ಎರಡು ಕಡೆ ಕೂಲಿ ಮಾಡುತ್ತೆ, ಕಥೆಗೂ ಆಟಕ್ಕೂ, ಕೆಲವು ಸಲ ಮಷಿನ್‌ಗೂ. ಅದಕ್ಕೆ ನೋಟಲ್ಲಿ ಎರಡು ಕಾಲಂ ಮಾಡಿ: ಕಥೆಗೇನು ಲಾಭ, ಆಟಕ್ಕೇನು ಲಾಭ. ನೆನಪು ಕಳ್ಕೊಂಡ ಹೀರೋ ತಗೊಳ್ಳಿ. ಕಥೆಯ ಕಾಲಂನಲ್ಲಿ "ತಾನ್ಯಾರು ಅನ್ನೋ ಗುಟ್ಟು" ಅಂತ ಬರುತ್ತೆ. ಆಟದ ಕಾಲಂನಲ್ಲಿ? ಆಡೋನಿಗೆ ಆ ಪ್ರಪಂಚದ ತಲೆ ಬುಡ ಗೊತ್ತಿಲ್ಲ, ಹೀರೋಗೂ ಗೊತ್ತಿಲ್ಲ ಅಂದ್ರೆ "ಈ ರಾಜ್ಯದ ರಾಜ ಯಾರು" ಅಂತ ಕೇಳೋದು ಸಹಜ ಆಗುತ್ತೆ, ಇಬ್ರೂ ಒಟ್ಟಿಗೆ ಕಲೀತಾರೆ. ಶಕುಂತಲೆ ಕಥೇಲಿ ಮರೆವು ಮಾಡಿದ ಕೆಲಸಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ ನೋಡಿ, ಹೊರಗಿಂದ ಮಾತ್ರ ಎರಡೂ ಮರೆವೇ.

ಶುರುವಲ್ಲಿ ಹೀರೋ ಹತ್ರ ಎಲ್ಲ ಆಯುಧ ಇದ್ದು ಹತ್ತು ನಿಮಿಷಕ್ಕೆ ಎಲ್ಲ ಕಿತ್ಕೊಳ್ಳೋದು ಇನ್ನೊಂದು. 1997ರ ಕ್ಯಾಸಲ್‌ವೇನಿಯಾ: ಸಿಂಫನಿ ಆಫ್ ದ ನೈಟ್ ಆಡಿದೋರಿಗೆ ನೆನಪಿರುತ್ತೆ, ಕೋಟೆಗೆ ಕಾಲಿಟ್ಟು ಸ್ವಲ್ಪ ಹೊತ್ತಿಗೇ ಸಾಕ್ಷಾತ್ ಸಾವೇ ಎದುರಿಗೆ ಬಂದು ಇರೋದನ್ನೆಲ್ಲ ಕಸ್ಕೊಂಡು ಹೋಗ್ತಾನೆ. ಕಥೆಗೆ ಅವಮಾನ, ಆಟಕ್ಕೆ ಆಮಿಷ: ಮುಂದೆ ನಿನಗೆ ಏನೇನು ಸಿಗುತ್ತೆ ಅಂತ ರುಚಿ ತೋರಿಸಿ ತಟ್ಟೆ ಎಳ್ಕೊಳ್ಳೋದು. ಹಂಗಾಗಿ ನನ್ನ ನೋಟಲ್ಲಿ ಇದು "ತಟ್ಟೆ ಎಳೆಯೋದು". ಎರಡು ಬಂಡೆ ಮಧ್ಯದ ಸಂದೀಲಿ ಹೀರೋ ಅಡ್ಡಡ್ಡ ತೂರ್ಕೊಂಡು ನಿಧಾನಕ್ಕೆ ಹೋಗೋ ಸೀನ್‌ಗಳಂತೂ ಬಹಳ ಸಲ ಮಷಿನ್ ಪಾಲಿನ ಕೂಲಿ, ಆ ಹೊತ್ತಲ್ಲಿ ತೆರೆಮರೇಲಿ ಮುಂದಿನ ಜಾಗ ಲೋಡ್ ಆಗ್ತಿರುತ್ತೆ. ಮತ್ತೆ ಆ ರೂಮು, ಬಾಗಿಲು ತೆಗೆದ್ರೆ ಒಳಗೆ ಒಬ್ಬ ವೈರಿ ಇಲ್ಲ, ನೆಲದ ತುಂಬ ಗುಂಡು, ಮದ್ದು, ಆಟ ಉಳಿಸಿಡೋ ಸೇವ್ ಪಾಯಿಂಟು, ಎದುರಿಗೆ ದೊಡ್ಡ ಬಾಗಿಲು. ಅದನ್ನ ನಾವು "ದಾನಶೂರ ರೂಮ್" ಅಂತೀವಿ. ಇಷ್ಟು ದಾನ ಮಾಡ್ತಿದಾರೆ ಅಂದ್ರೆ ಆ ಕಡೆ ಬಾಸ್, ಅಂದ್ರೆ ಆ ಹಂತದ ದೊಡ್ಡ ವೈರಿ, ಕೂತಿದಾನೆ ಅಂತಾನೇ.

ಎರಡು ಕಾಲಂ ಒಂದಕ್ಕೊಂದು ಜಗಳ ಆಡೋದೂ ಉಂಟು. 1997ರ ಫೈನಲ್ ಫ್ಯಾಂಟಸಿ 7ರಲ್ಲಿ ಫೈಟ್ ಮಧ್ಯ ಯಾರು ಬಿದ್ರೂ ಫೀನಿಕ್ಸ್ ಡೌನ್ ಅನ್ನೋ ಒಂದು ವಸ್ತು ಹಾಕಿದ್ರೆ ಎದ್ದು ಕೂರ್ತಾರೆ, ಆದ್ರೆ ಕಟ್‌ಸೀನ್‌ನಲ್ಲಿ, ಅಂದ್ರೆ ನಾವು ಆಡದೆ ಬರೀ ನೋಡೋ ಸೀನ್‌ನಲ್ಲಿ, ನಮ್ಮದೇ ತಂಡದ ಏರಿತ್ ಸತ್ತಾಗ ಬ್ಯಾಗಲ್ಲಿ ಎಷ್ಟಿದ್ರೂ ಏನೂ ಮಾಡೋಕಾಗಲ್ಲ. (ಇದು ಸ್ಪಾಯ್ಲರ್ ಅಂತ ಬೈಬೇಡಿ, ಕಾಲು ಶತಮಾನ ದಾಟಿದೆ.) ಕಥೆಯ ಸಾವು ಬೇರೆ, ಆಟದ ಸಾವು ಬೇರೆ. ಇಂಥ ಬಿರುಕು ಕಂಡಾಗ "ತಪ್ಪು" ಅಂತ ಬರೆದು ಮುಂದೆ ಹೋಗ್ಬೇಡಿ, ಬೇರೆ ಗೇಮಲ್ಲೂ ಇದೇ ಬಿರುಕು ಇದ್ರೆ ಆ ಬಿರುಕೇ ಟ್ರೋಪ್.

ಈಗ ಹೆಸರಿಡೋದು. ಮೂರು ದಾರಿ ಇದೆ: ಪಾತ್ರದ ಹೆಸರು, ಚಿತ್ರದ ಹೆಸರು, ಕೆಲಸದ ಹೆಸರು.

ಪಾತ್ರದ ಹೆಸರು ಎಲ್ರಿಗೂ ಗೊತ್ತಿದ್ರೆ ಅಮೃತ, ಇಲ್ಲಾಂದ್ರೆ ವಿಷ. "ಭಸ್ಮಾಸುರ" ಅಂದ್ರೆ ಸಾಕು, ಕೊಟ್ಟ ಶಕ್ತಿ ಕೊಟ್ಟೋನ ತಲೆ ಮೇಲೇ ಕೈ ಇಡೋಕೆ ಬಂತು ಅಂತ ಅರ್ಥ ಆಗೋಯ್ತು, ರೋಬೋಟ್ ತಿರುಗಿ ಬೀಳೋ ಕಥೆಗೂ ಹೊಂದುತ್ತೆ. ನಾನೊಂದ್ಸಲ ಒಂದು ಸೀರಿಯಲ್ ಪಾತ್ರದ ಹೆಸರಿಟ್ಟಿದ್ದೆ, ಆ ಸೀರಿಯಲ್ ನೋಡಿದೋನು ನಮ್ಮ ಗುಂಪಲ್ಲಿ ನಾನೊಬ್ಬನೇ, ಪ್ರತಿ ಸಲ ಕಥೆ ಪೂರ್ತಿ ಹೇಳಿ ಆಮೇಲೆ ಹೆಸರು ಹೇಳ್ಬೇಕಿತ್ತು. ಇನ್ನೊಂದು ಅಪಾಯ, ಹೆಸರು ಕೈ ತಪ್ಪಿ ಹೋಗೋದು. 1973ರಲ್ಲಿ ಪೌಲಾ ಸ್ಮಿತ್ ಅನ್ನೋರು ಸ್ಟಾರ್ ಟ್ರೆಕ್ ಅನ್ನೋ ಟಿವಿ ಸೀರಿಯಲ್‌ನ ಅಭಿಮಾನಿಗಳು ಬರೆಯೋ ಕಥೆಗಳನ್ನ ಗೇಲಿ ಮಾಡೋಕೆ ಮೇರಿ ಸೂ ಅಂತ ಹದಿನೈದೂವರೆ ವರ್ಷದ, ಎಲ್ಲ ಬಲ್ಲ ಲೆಫ್ಟಿನೆಂಟ್ ಹುಡುಗೀನ ಹುಟ್ಟಿಸಿದ್ರು. ಬರೆಯೋರು ತಮ್ಮನ್ನೇ ಕಥೆಯೊಳಗೆ ಹೀರೋಯಿನ್ ಮಾಡ್ಕೊಳ್ಳೋದರ ಹೆಸರು ಅದು. ಈಗ ಸ್ವಲ್ಪ ಚುರುಕಾಗಿರೋ ಯಾವ ಹೆಣ್ಣು ಪಾತ್ರ ಬಂದ್ರೂ ಅದೇ ಹಣೆಪಟ್ಟಿ ಹಚ್ತಾರೆ.

ಚಿತ್ರದ ಹೆಸರು ನನಗೆ ಎಲ್ಲಕ್ಕಿಂತ ಇಷ್ಟ, ಒಂದ್ಸಲ ಕೇಳಿದ್ರೆ ಕಣ್ಣಿಗೆ ಕಟ್ಟುತ್ತೆ. 1994ರ ಒಂದು ಕಾಮಿಕ್ಸ್‌ನಲ್ಲಿ ವಿಲನ್ ಹೀರೋನ ಹುಡುಗೀನ ಕೊಂದು ಫ್ರಿಜ್‌ನಲ್ಲಿ ತುಂಬಿಟ್ಟಿದ್ದ, ಅದನ್ನ ನೋಡಿ ರೋಸಿಹೋದ ಗೇಲ್ ಸಿಮೋನ್ ಅನ್ನೋರು 1999ರಲ್ಲಿ ಹಿಂಗೆ ಬಲಿಯಾದ ಹೆಣ್ಣು ಪಾತ್ರಗಳ ಪಟ್ಟಿ ಮಾಡಿದ್ರು, ಅಲ್ಲಿಂದ "ಫ್ರಿಜ್ ಮಾಡೋದು" ಅನ್ನೋದೇ ಕ್ರಿಯಾಪದ ಆಗೋಯ್ತು, ಹೀರೋಗೆ ಸಿಟ್ಟು ಬರಿಸೋಕೆ ಅಂತಲೇ ಒಬ್ಬಳನ್ನ ಸಾಯಿಸೋದು ಅಂತ. ನನ್ನ "ಕೆಮ್ಮಿ ಸತ್ತ ಸಾಕ್ಷಿ"ನೂ ಇದೇ ಜಾತಿ. ಅದಕ್ಕೆ ಮೊದಲು "ಅಪೂರ್ಣ ಮಾಹಿತಿ ಪ್ರಸಂಗ" ಅಂತ ಇಟ್ಟಿದ್ದೆ, ಸರ್ಕಾರಿ ಸುತ್ತೋಲೆ ಥರ ಇತ್ತು, ಯಾರ ಬಾಯಲ್ಲೂ ನಿಲ್ಲಲಿಲ್ಲ. ಇದರ ಕೆಲಸ ಏನಪ್ಪಾ ಅಂದ್ರೆ ಗುಟ್ಟು ಇದೆ ಅಂತ ತಿಳಿಸೋದು, ಗುಟ್ಟು ಏನು ಅಂತ ತಿಳಿಸದೇ ಇರೋದು, ಮುಂದಿನ ಎರಡು ಗಂಟೆ ಅದರ ಮೇಲೇ ನಿಂತಿರುತ್ತೆ.

ಕೆಲಸದ ಹೆಸರು ಸ್ಪಷ್ಟ, ಆದ್ರೆ ಒಣ. ನಡುವೆ ಒಂದು ಸುಲಭದ ದಾರಿ ಇದೆ, ಗಾದೆ. ನೂರಾರು ವರ್ಷ ಬಾಯಿಂದ ಬಾಯಿಗೆ ಉಜ್ಜಿ ಉಜ್ಜಿ ನುಣ್ಣಗಾದ ರೆಡಿ ಹೆಸರುಗಳವು. ಮೊದಲೇ ಹೇಳಿದ್ರೆ ಕೇಳದೆ ಕೊನೆ ಗಳಿಗೇಲಿ ಸೈನ್ಯ ಕಟ್ಟೋ ರಾಜನಿಗೆ "ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು" ಅಂತ ಇಟ್ರೆ ವಿವರಣೇನೇ ಬೇಡ. ಅಜ್ಜಿ ಕಥೆಗಳೂ ಹಂಗೇ. ಬಾಸ್‌ಗೆ ಎಷ್ಟು ಹೊಡೆದ್ರೂ ಸಾಯಲ್ಲ, ಮೂರು ಮೂಲೇಲಿರೋ ಹರಳು ಒಡೆದ್ರೆ ಮಾತ್ರ ಸಾಯ್ತಾನೆ ಅನ್ನೋ ಫೈಟ್ ಇದೆಯಲ್ಲ, ಅದು ಏಳು ಸಮುದ್ರದಾಚೆ ಗಿಳಿಯೊಳಗೆ ಜೀವ ಇಟ್ಟ ರಾಕ್ಷಸನೇ. ರಷ್ಯಾದ ಕೊಶ್ಚೆಯ್‌ನ ಸಾವು ಸೂಜೀಲಿ, ಸೂಜಿ ಮೊಟ್ಟೇಲಿ, ಮೊಟ್ಟೆ ಬಾತುಕೋಳೀಲಿ, ಬಾತುಕೋಳಿ ಮೊಲದೊಳಗೆ. ಥಾಂಪ್ಸನ್ ಸೂಚೀಲಿ ಇ 710. ನಮಗೆ "ಗಿಳಿ-ಪ್ರಾಣ" ಅಂದ್ರೆ ಮುಗೀತು. ಬಾಸ್ ಫೈಟಲ್ಲಿ ಸಿಕ್ಕಾಕೊಂಡು ಒದ್ದಾಡ್ತಿರೋನಿಗೆ ಪಕ್ಕದಲ್ಲಿ ಕೂತೋನು "ಗಿಳಿ ಹುಡುಕೋ" ಅಂದ್ರೆ ಸಾಕು.

ಹೆಸರಲ್ಲಿ ಬೈಗುಳ ಇಡ್ಬೇಡಿ. ನೇಥನ್ ರಾಬಿನ್ ಅನ್ನೋ ವಿಮರ್ಶಕ 2007ರಲ್ಲಿ, ಬೇಜಾರಲ್ಲಿರೋ ಹುಡುಗನಿಗೆ ಬದುಕೋದು ಕಲಿಸೋಕೆ ಅಂತಲೇ ಹುಟ್ಟಿದ ಚೆಲ್ಲು ಚೆಲ್ಲು ಹುಡುಗಿ ಪಾತ್ರಕ್ಕೆ ಮ್ಯಾನಿಕ್ ಪಿಕ್ಸೀ ಡ್ರೀಮ್ ಗರ್ಲ್ ಅಂತ ಹೆಸರಿಟ್ಟ. ಹೆಸರು ಎಷ್ಟು ಜೋರಾಗಿ ಓಡ್ತು ಅಂದ್ರೆ, ಸ್ವಂತ ಬದುಕಿರೋ ಪಾತ್ರಗಳಿಗೂ ಅಂಟಿಸೋಕೆ ಶುರು ಮಾಡಿದ್ರು, 2014ರಲ್ಲಿ ಅವನೇ ಬಂದು ಕ್ಷಮೆ ಕೇಳಿದ.

ಹೆಸರಾದ ಮೇಲೆ ನಾಲ್ಕು ಸಾಲು ಬರೆದಿಡಿ: ಏನಾಗುತ್ತೆ, ಏನು ಕೆಲಸ, ಎಲ್ಲೆಲ್ಲಿ ನೋಡಿದ್ರಿ, ಉಲ್ಟಾ ಹೊಡೆದಿದ್ದು ಎಲ್ಲಿ. ನಾಲ್ಕನೇದು ಬಿಡಬೇಡಿ. ಸಾಕ್ಷಿ ಹೆಸರು ಪೂರ್ತಿ ಹೇಳ್ತಾನೆ, ಹೀರೋನೇ ನಂಬಲ್ಲ. ಕೆಮ್ಮಿ ಕೆಮ್ಮಿ ಸತ್ತ ಅಂದ್ಕೊಂಡ್ರೆ ನೀರು ಕುಡಿದು ಎದ್ದು ಕೂತು ವಿಳಾಸ, ಫೋನ್ ನಂಬರ್ ಎಲ್ಲ ಕೊಡ್ತಾನೆ. ಉಲ್ಟಾ ಮಾಡಿದ್ರೆ ಜನ ನಗ್ತಾರೆ ಅಂದ್ರೆ ನೇರದ್ದು ಅವರಿಗೆಲ್ಲ ಗೊತ್ತಿತ್ತು ಅಂತ, ನಿಮ್ಮ ಟ್ರೋಪ್ ನಿಜವಾಗ್ಲೂ ಟ್ರೋಪೇ ಅನ್ನೋದಕ್ಕೆ ಇದಕ್ಕಿಂತ ಪಕ್ಕಾ ಪರೀಕ್ಷೆ ನನಗೆ ಸಿಕ್ಕಿಲ್ಲ. ಹೆಸರಿಗೂ ಒಂದು ಪರೀಕ್ಷೆ ಇದೆ: ವಿವರಣೆ ಕೊಡದೆ ಹೆಸರು ಮಾತ್ರ ಒಬ್ರಿಗೆ ಹೇಳಿ, ಅವರು ತಾವಾಗೇ ಒಂದು ಉದಾಹರಣೆ ಕೊಟ್ರೆ ಪಾಸ್.

ನನ್ನತ್ರ ಈ ಪರೀಕ್ಷೇಲಿ ಫೇಲಾಗಿ ಕೂತಿರೋದೊಂದಿದೆ. ಗೇಮಲ್ಲಿ ರಾಣಿ ಅಳ್ತಾ ಹೇಳ್ತಾಳೆ, ಇವತ್ತು ರಾತ್ರಿ ಪ್ರಪಂಚ ಮುಳುಗುತ್ತೆ, ಬೇಗ ಹೋಗು ಅಂತ. ನಾವು ಹೂಂ ಅಂದು ಹೋಗಿ ಮೂವತ್ತು ಗಂಟೆ ಮೀನು ಹಿಡೀತೀವಿ, ಪ್ರಪಂಚ ಪಾಪ ಕಾಯ್ತಾ ಇರುತ್ತೆ. "ಬೆಕ್ಕಿಗೆ ಚೆಲ್ಲಾಟ" ಅಂತ ಇಟ್ಟೆ, ಇಲಿಗೆ ಪ್ರಾಣಸಂಕಟ ಅನ್ನೋದು ತಾನಾಗೇ ನೆನಪಾಗುತ್ತೆ ಅಂತ. ಚಿಕ್ಕಮ್ಮನ ಮಗಳಿಗೆ ಹೇಳಿದ್ರೆ ಅವಳು ಕೊಟ್ಟಿದ್ದು ಬೇರೇನೇ ಉದಾಹರಣೆ, ಕೈಗೆ ಸಿಕ್ಕಿದ ಹೀರೋನ ತಕ್ಷಣ ಕೊಲ್ಲದೆ ಆಟ ಆಡಿಸ್ಕೊಂಡು ಭಾಷಣ ಹೊಡೆಯೋ ವಿಲನ್. ಯೋಚಿಸಿದ್ರೆ ಅದಕ್ಕೇ ಚೆನ್ನಾಗಿ ಕೂರುತ್ತೆ. ಹೆಸರು ಅವನಿಗೆ ಕೊಟ್ಬಿಟ್ಟೆ, ಮೀನು ಹಿಡಿಯೋ ಪುಟದ ಮೇಲೆ ಸದ್ಯಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ.